ಚಾವಣಿಯಿಲ್ಲದ ಮನೆಗೆ ಮರಳಿದ ದನಿ



ನಮ್ಮ ಬಳಗದ ಕೂಟಗಳಲ್ಲಿ ಕಥೆ, ಕವಿತೆ, ಕಾದಂಬರಿಗಳ ಸಂದಿಯಲ್ಲಿ ಆಗಾಗ ಸಂಗೀತವೂ ನುಸುಳುವುದುಂಟು. ಈ ಸಲ ಹಾಗೆ ನುಸುಳಿದವರು ಒಪೆರಾ ಗಾಯಕಿ ಮಾರಿಯಾ ಕ್ಯಾಲಸ್. 1957ರ ಆಗಸ್ಟ್ 5ರ ರಾತ್ರಿ ಅಥೆನ್ಸಿನ ಪುರಾತನ ಬಯಲು ರಂಗಮಂದಿರ ಹಿರೋಡೆಸ್ ಆಟಿಕಸ್‌ನಲ್ಲಿ ಆಕೆ ಕೊಟ್ಟ ಕಛೇರಿಯ ಧ್ವನಿಮುದ್ರಿಕೆಯನ್ನು ಇಡಿಯಾಗಿ ಕೇಳಿದೆವು. ಕೇಳಿ ಮುಗಿದ ಮೇಲೆ ಎರಡು ಪಕ್ಷವಾಯಿತು. "ಹಾಡಿದ್ದು ಕ್ಯಾಲಸ್ ಅನ್ನುವುದನ್ನು ಮರೆತು ಕೇಳಿ ನೋಡಿ. ಎತ್ತರದ ಸ್ವರಗಳಲ್ಲಿ ದನಿ ನಡುಗುತ್ತದೆ, ಅಲ್ಲಲ್ಲಿ ಒರಟು. ರೇಡಿಯೋ ಮುದ್ರಣ ಬೇರೆ. ಇವೇ ಹಾಡುಗಳನ್ನು ಆಕೆ ಸ್ಟುಡಿಯೋದಲ್ಲಿ ಹಾಡಿದ್ದು ಇದಕ್ಕಿಂತ ಎಷ್ಟೋ ಪಾಲು ಚೆನ್ನಾಗಿದೆಯಲ್ಲ!" ಎಂದು ಒಂದು ಪಕ್ಷ. "ಇದರಲ್ಲಿರುವುದು ಸ್ಟುಡಿಯೋದಲ್ಲಿ ಸಿಗುವುದಿಲ್ಲ" ಎಂದು ಇನ್ನೊಂದು ಪಕ್ಷ. ನಾವು ಎರಡನೆಯ ಪಕ್ಷದವರು. ಅಂದು ಚಹಾ ಆರಿಹೋಗುವಷ್ಟು ಹೊತ್ತು ವಾದ ಮಾಡಿದರೂ ಸರಿಯಾಗಿ ಹೇಳಲಾಗದ್ದನ್ನು ಇಲ್ಲಿ ಬರೆದು ನೋಡುತ್ತಿದ್ದೇವೆ.

ಮೊದಲು ಜಾಗದ ವಿಷಯ. ಅಕ್ರೋಪೊಲಿಸ್ ಗುಡ್ಡದ ತಪ್ಪಲಿನಲ್ಲಿರುವ ಈ ರಂಗಮಂದಿರವನ್ನು ನಮ್ಮಲ್ಲಿ ಬಹಳ ಮಂದಿ ನೋಡಿಯೇ ಇರುತ್ತೀರಿ; ಗ್ರೀಸಿಗೆ ಹೋಗದಿದ್ದವರೂ ಯಾನಿಯ ವಿಡಿಯೋದಲ್ಲಿ ನೋಡಿರುತ್ತೀರಿ. 1993ರಲ್ಲಿ ಯಾನಿ ತನ್ನ ದೊಡ್ಡ ಆರ್ಕೆಸ್ಟ್ರಾ, ಕೀಬೋರ್ಡು, ಸ್ಪೀಕರುಗಳ ಸಮೇತ ಚಿತ್ರೀಕರಿಸಿದ ಆ ಕಾರ್ಯಕ್ರಮ ಒಂದು ಕಾಲಕ್ಕೆ ಬೆಂಗಳೂರಿನ ಪ್ರತಿ ಸಿ.ಡಿ. ಅಂಗಡಿಯಲ್ಲೂ ಓಡುತ್ತಿತ್ತು. ಹಿನ್ನೆಲೆಯಲ್ಲಿ ಕಮಾನುಗಳಿರುವ ಎತ್ತರದ ಪಾಳುಗೋಡೆ, ಎದುರಿಗೆ ಅರ್ಧಚಂದ್ರದ ಹಾಗೆ ಮೇಲೇರುವ ಅಮೃತಶಿಲೆಯ ಮೆಟ್ಟಿಲುಸಾಲು, ಸುಮಾರು 5000 ಜನ ಕೂರುವ ಜಾಗ. ಕ್ರಿ.ಶ. 161ರ ಸುಮಾರಿಗೆ ಹಿರೋಡೆಸ್ ಎಂಬ ಶ್ರೀಮಂತ ತೀರಿಹೋದ ಹೆಂಡತಿ ರೆಗಿಲ್ಲಾಳ ನೆನಪಿಗೆ ಕಟ್ಟಿಸಿದ್ದು.

ಪ್ರವಾಸಿಗಳು ಸಾಮಾನ್ಯವಾಗಿ ಗಮನಿಸದ ಒಂದು ಸಂಗತಿ ಇದೆ. ಇದನ್ನು ಬಯಲು ರಂಗಮಂದಿರವಾಗಿ ಕಟ್ಟಿದ್ದೇ ಅಲ್ಲ! ಸಂಗೀತಕ್ಕೆಂದೇ ಕಟ್ಟಿದ ಈ ಸಭಾಂಗಣಕ್ಕೆ ದೇವದಾರು ಮರದ ಚಾವಣಿ ಇತ್ತು. 267ರಲ್ಲಿ ಹೆರುಲಿ ದಾಳಿಕೋರರು ಅಥೆನ್ಸಿಗೆ ನುಗ್ಗಿ ಹಾಳುಗೆಡವಿದಾಗ ಅದು ನಾಶವಾಯಿತು. 1950ರ ದಶಕದಲ್ಲಿ ಮೆಟ್ಟಿಲುಗಳಿಗೆ ಹೊಸ ಅಮೃತಶಿಲೆ ಹೊದಿಸಿ, 1955ರಲ್ಲಿ ಶುರುವಾದ ಅಥೆನ್ಸ್ ಉತ್ಸವಕ್ಕೆ ಅಣಿಮಾಡಿದರು. ಚಾವಣಿಯನ್ನು ಮತ್ತೆ ಕಟ್ಟಲಿಲ್ಲ. ನಾವು "ಆಹಾ, ನಕ್ಷತ್ರಗಳ ಕೆಳಗೆ ಸಂಗೀತ!" ಎಂದು ಮೆಚ್ಚಿಕೊಳ್ಳುವ ಆಕಾಶ ಅಸಲಿಗೆ ಆ ಕಟ್ಟಡಕ್ಕಾದ ಗಾಯ. ಇದನ್ನು ನೆನಪಿಟ್ಟುಕೊಂಡು ಕೇಳಿದರೆ ಆ ರಾತ್ರಿಯ ಹಾಡುಗಾರಿಕೆ ಬೇರೆಯಾಗಿ ಕೇಳಿಸುತ್ತದೆ.

ಯಾಕೆಂದರೆ ಹಾಡುವವರಿಗೆ ಚಾವಣಿ ಅಂದರೆ ಅರ್ಧ ಗಂಟಲು. ಈ ಸೀಮೆಯಲ್ಲಿರುವ ನಮಗೆ ಇದು ಚೆನ್ನಾಗಿ ಗೊತ್ತು. 1991ರಲ್ಲಿ ತೆರೆದ ಬರ್ಮಿಂಗ್‌ಹ್ಯಾಮಿನ ಸಿಂಫನಿ ಹಾಲ್‌ನಲ್ಲಿ ವೇದಿಕೆಯ ಮೇಲೆ ಏರಿಳಿಸಬಲ್ಲ ದೊಡ್ಡ ಮೇಲ್ಕಟ್ಟು ಇದೆ. ಗೋಡೆಯಾಚೆ ಪ್ರತಿಧ್ವನಿಗೆಂದೇ ಕೋಣೆಗಳಿವೆ, ಬೇಕೆಂದಾಗ ಅವುಗಳ ಭಾರಿ ಬಾಗಿಲು ತೆರೆದು ಸಭಾಂಗಣದ ಗುಂಗನ್ನು ಹೆಚ್ಚಿಸಬಹುದು. ಮ್ಯಾಂಚೆಸ್ಟರಿನ ಬ್ರಿಜ್‌ವಾಟರ್ ಹಾಲ್ 1996ರದ್ದು. ಹೊರಗಿನ ಟ್ರಾಮಿನ ಅದುರು ಒಳಗೆ ಬರಬಾರದೆಂದು ಇಡೀ ಸಭಾಂಗಣವನ್ನು ಸುಮಾರು 280 ಸ್ಪ್ರಿಂಗುಗಳ ಮೇಲೆ ಕೂರಿಸಿದ್ದಾರೆ. ಲೀಡ್ಸಿನಲ್ಲಿ ಒಪೆರಾ ನಾರ್ತ್ ತಂಡ 2011ರಿಂದ 2014ರವರೆಗೆ ವರ್ಷಕ್ಕೊಂದರಂತೆ ವಾಗ್ನರನ 'ರಿಂಗ್' ನಾಟಕಗಳನ್ನು ಹಾಡಿದ್ದು 1858ರ ಟೌನ್ ಹಾಲ್‌ನಲ್ಲಿ. ವಾದ್ಯವೃಂದ ವೇದಿಕೆಯ ಮೇಲೆಯೇ, ಗಾಯಕರು ಅದರ ಮುಂದೆ. ಅಲ್ಲಿ ದನಿ ನಿಂತ ಮೇಲೂ ಒಂದು ಘಳಿಗೆ ವಿಕ್ಟೋರಿಯಾ ಕಾಲದ ಗೋಡೆಗಳೇ ಹಾಡುತ್ತಿದ್ದವು. ಇಂಥ ಕಟ್ಟಡಗಳಲ್ಲಿ ಹಾಡುವವರು ಕೊಟ್ಟದ್ದನ್ನು ಗೋಡೆ ಬಡ್ಡಿ ಸಮೇತ ವಾಪಸು ಕೊಡುತ್ತದೆ.

ಬಯಲು ಹಾಗಲ್ಲ. ಅಡ್ಡಿಯಿಲ್ಲದ ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. ಹಿಂದಿನ ಕಲ್ಲುಗೋಡೆ, ಮುಂದಿನ ಕಲ್ಲುನೆಲ ಒಂದಿಷ್ಟನ್ನು ಕೇಳುವವರ ಕಡೆಗೆ ತಳ್ಳುತ್ತವೆ ನಿಜ. ಉಳಿದದ್ದು ಆಕಾಶದ ಪಾಲು. ಗುಂಗು ಇಲ್ಲವಾದ್ದರಿಂದ ಒಂದು ಸ್ವರ ಮುಗಿದರೆ ಮುಗಿಯಿತು. ಅದರ ಬಾಲ ಹೇಗಿತ್ತು ಎಂಬುದು ಎಲ್ಲರಿಗೂ ಬೆತ್ತಲಾಗಿ ಕೇಳಿಸುತ್ತದೆ. ಗ್ರೀಸಿನ ಕಲ್ಲು ರಂಗಮಂದಿರಗಳಲ್ಲಿ ನಾಣ್ಯ ಬಿದ್ದ ಸದ್ದೂ ಕೊನೆಯ ಸಾಲಿಗೆ ಕೇಳುತ್ತದೆ ಎಂದು ಗೈಡುಗಳು ಹೇಳುತ್ತಾರಲ್ಲ, 2017ರಲ್ಲಿ ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್ ವಿಶ್ವವಿದ್ಯಾಲಯದ ಸಂಶೋಧಕರು ಎಪಿಡೌರಸ್, ಆರ್ಗೋಸ್ ಮತ್ತು ಇದೇ ಹಿರೋಡೆಸ್ ಆಟಿಕಸ್‌ನಲ್ಲಿ ಅಳತೆ ಮಾಡಿ ನೋಡಿದರು. ಪಿಸುಮಾತು, ನಾಣ್ಯ, ಕಾಗದ ಹರಿದ ಸದ್ದಿನ ಕಥೆಗೆ ಆಧಾರ ಸಿಗಲಿಲ್ಲ. ಎತ್ತಿದ ಕಂಠದಲ್ಲಿ ಆಡಿದ ಮಾತು ಮಾತ್ರ ಮೇಲಿನ ಸಾಲಿಗೂ ಮುಟ್ಟುತ್ತದೆ. ಅದಕ್ಕೂ ಹತ್ತು ವರ್ಷ ಮೊದಲು, 2007ರಲ್ಲಿ, ಅಮೆರಿಕದ ಜಾರ್ಜಿಯಾ ಟೆಕ್‌ನ ಇಬ್ಬರು ಎಪಿಡೌರಸ್ ಬಗ್ಗೆ ಇನ್ನೊಂದು ಕುತೂಹಲದ ಲೆಕ್ಕ ಹಾಕಿದ್ದರು: ಕಲ್ಲಿನ ಆಸನಸಾಲುಗಳೇ ಒಂದು ಫಿಲ್ಟರಿನಂತೆ ಕೆಲಸ ಮಾಡಿ, ತಗ್ಗಿನ ಕಂಪನಗಳನ್ನು, ಅಂದರೆ ಜನರ ಗುಜುಗುಜು, ಗಿಡಮರಗಳ ಮರ್ಮರದಂಥವನ್ನು ತಗ್ಗಿಸಿ ಎತ್ತರದ ಕಂಪನಗಳನ್ನು ಉಳಿಸುತ್ತವಂತೆ. (ದಿನವಿಡೀ ಕಂಪ್ಯೂಟರಿನಲ್ಲಿ ಇಂಥ ಫಿಲ್ಟರುಗಳ ಜೊತೆ ಗುದ್ದಾಡುವವರಿಗೆ, ಯಾರೋ ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆ ಅದನ್ನು ಸುಣ್ಣದ ಕಲ್ಲಿನಲ್ಲಿ ಮಾಡಿಟ್ಟಿದ್ದಾರೆಂದರೆ ಹೊಟ್ಟೆಕಿಚ್ಚೇ ಆಗುತ್ತದೆ.) ಎರಡೂ ಸೇರಿಸಿ ಓದಿದರೆ ತಿಳಿಯುವುದು ಇಷ್ಟು: ಕಲ್ಲು ದನಿಯ ತಿರುಳನ್ನು ಹೆಚ್ಚಿಸುವುದಿಲ್ಲ, ದನಿಯ ಅಂಚನ್ನು ಕಾಪಾಡುತ್ತದೆ. ಅಂಚೇ ಇಲ್ಲದ ಇಂಪಾದ ಕಂಠ ಅಲ್ಲಿ ಮೂರನೆಯ ಸಾಲಿಗೆ ಕರಗಿಹೋಗುತ್ತದೆ.

ಕ್ಯಾಲಸ್ ಕಂಠದ ಬಗ್ಗೆ ಇದ್ದ ದೂರು ಇದೇ ಅಲ್ಲವೇ? ಇಂಪಿಲ್ಲ, ಒಂದೊಂದು ಸ್ಥಾಯಿಗೆ ಒಂದೊಂದು ಬಣ್ಣ, ಮೇಲೆ ಹೋದರೆ ಚೂರಿಯ ಹಾಗೆ. ಸ್ಟುಡಿಯೋದ ಮೈಕಿನ ಮುಂದೆ, ಒಂದು ಅಡಿ ದೂರದಿಂದ ಕೇಳುವವರಿಗೆ ಅದು ದೋಷವಾಗಿ ಕಾಣಬಹುದು. ಆದರೆ ಆ ಕಂಠ ಬೆಳೆದದ್ದು ಎಲ್ಲಿ ನೋಡಿ. 1944ರ ಆಗಸ್ಟಿನಲ್ಲಿ, ಅಥೆನ್ಸ್ ಇನ್ನೂ ಜರ್ಮನ್ ಸೈನ್ಯದ ಕೈಯಲ್ಲಿದ್ದಾಗ, ಇಪ್ಪತ್ತು ವರ್ಷದ ಹುಡುಗಿ ಬೀಥೊವನ್‌ನ 'ಫಿದೇಲಿಯೋ'ದಲ್ಲಿ ಲಿಯೋನೋರೆಯ ಪಾತ್ರ ಹಾಡಿದ್ದು ಇದೇ ಹಿರೋಡೆಸ್ ಆಟಿಕಸ್‌ನಲ್ಲಿ. ಸೆರೆಮನೆಯಿಂದ ಗಂಡನನ್ನು ಬಿಡಿಸುವ ಹೆಂಗಸಿನ ಕಥೆ, ಆಕ್ರಮಿತ ನಗರದಲ್ಲಿ! 1947ರ ಆಗಸ್ಟಿನಲ್ಲಿ ಇಟಲಿಯಲ್ಲಿ ಆಕೆಯ ಮೊದಲ ಪಾತ್ರ 'ಲಾ ಜಿಯೋಕೊಂಡಾ', ತುಲ್ಲಿಯೋ ಸೆರಾಫಿನ್ ನಿರ್ದೇಶನದಲ್ಲಿ, ವೆರೋನಾದ ರೋಮನ್ ಅರೀನಾದಲ್ಲಿ; ಅದೂ ಚಾವಣಿಯಿಲ್ಲದ ಕಲ್ಲಿನ ಬಟ್ಟಲೇ. ಮಿಲಾನಿನ ಕೆಂಪು ಮಖಮಲ್ಲಿನ ಆಸನಗಳಿಗಿಂತ ಮೊದಲು ಆಕೆಯ ದನಿಯನ್ನು ತಿದ್ದಿದ್ದು ಕಲ್ಲು ಮತ್ತು ಆಕಾಶ. ಆ ಹರಿತ ಅಲ್ಲಿಂದ ಬಂದದ್ದು ಎಂದರೆ ನಮ್ಮ ಮೊದಲ ಪಕ್ಷದವರು ಒಪ್ಪಲಿಕ್ಕಿಲ್ಲ. ಒಪ್ಪದಿದ್ದರೂ ಕಥೆ ಮುಂದುವರಿಸುತ್ತೇವೆ.

ಕ್ಯಾಲಸ್ ನಮ್ಮ ಹಾಗೆಯೇ ವಲಸೆಯ ಕೂಸು. ಗ್ರೀಸಿನಿಂದ ಹೋದ ತಂದೆತಾಯಿಗೆ 1923ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ್ದು. ಕಲೊಯೆರೋಪೌಲೋಸ್ ಎಂಬ ಉದ್ದದ ಮನೆತನದ ಹೆಸರು ಅಮೆರಿಕನ್ನರ ನಾಲಿಗೆಗಾಗಿ ಕ್ಯಾಲಸ್ ಎಂದು ತುಂಡಾಯಿತು. (ನಮ್ಮಲ್ಲೂ ಆಫೀಸಿಗಾಗಿ ತುಂಡಾದ ಎಷ್ಟು ವೆಂಕಟಸುಬ್ರಹ್ಮಣ್ಯರಿಲ್ಲ!) 1937ರಲ್ಲಿ ತಾಯಿಯ ಜೊತೆ ಅಥೆನ್ಸಿಗೆ ಬಂದು, ಸಂಗೀತ ಕಲಿತು, 1945ರಲ್ಲಿ ಊರು ಬಿಟ್ಟವರು ಮತ್ತೆ ಗ್ರೀಸಿನಲ್ಲಿ ಹಾಡಲು ಬಂದದ್ದು 12 ವರ್ಷಗಳ ನಂತರ, ಜಗತ್ಪ್ರಸಿದ್ಧರಾಗಿ. ಬರುವ ಮೊದಲೇ ಸಂಭಾವನೆಯ ವಿಷಯದಲ್ಲಿ ಪತ್ರಿಕೆಗಳಲ್ಲಿ ಗದ್ದಲ ಎದ್ದಿತ್ತು, ಅದು ರಾಜಕಾರಣಿಗಳವರೆಗೂ ಹೋಯಿತು. ಬಡ ದೇಶದ ಉತ್ಸವ ಇಷ್ಟು ದೊಡ್ಡ ಮೊತ್ತ ಯಾಕೆ ಕೊಡಬೇಕು, ಊರಿನ ಮಗಳಾದರೆ ಪುಕ್ಕಟೆ ಹಾಡಬಾರದೇ ಇತ್ಯಾದಿ. ಆ ಜುಲೈ ತಿಂಗಳಲ್ಲಿ ಆಕೆ ಮಿಲಾನಿನಲ್ಲಿ ಪುಚ್ಚೀನಿಯ ಎರಡು ಒಪೆರಾಗಳನ್ನು ಒಂದರ ಹಿಂದೊಂದು ಮುದ್ರಿಸಿ ದಣಿದಿದ್ದರು. ಅಥೆನ್ಸಿನ ಬೇಸಗೆಯ ಒಣಹವೆಗೆ ಗಂಟಲು ಕೈಕೊಟ್ಟಿತು. ಆಗಸ್ಟ್ 1ರ ಕಛೇರಿಯನ್ನು ಕೊನೆಗಳಿಗೆಯಲ್ಲಿ ರದ್ದು ಮಾಡಬೇಕಾಯಿತು. ಊರಿನ ಸಿಟ್ಟು ಹೇಗಿದ್ದಿರಬೇಕೆಂದು ಯಾರೂ ವಿವರಿಸಬೇಕಿಲ್ಲ.

ಇದನ್ನು ಓದುವಾಗ ನಮಗೆ ನಮ್ಮದೇ ಸಾಹಿತ್ಯದ ಚರ್ಚೆಗಳು ನೆನಪಾಗದೆ ಇರಲಿಲ್ಲ. ಹೊರನಾಡಿನಲ್ಲಿ ಬರೆಯುವವರನ್ನು ಊರಿನ ವೇದಿಕೆ ಎರಡೇ ಬಗೆಯಲ್ಲಿ ಗುರುತಿಸುತ್ತದೆ: ಒಂದೋ ಶಾಲು ಹೊದಿಸಬೇಕಾದ ಅತಿಥಿ, ಇಲ್ಲವೇ ಪೌಂಡಿನಲ್ಲಿ ದೇಣಿಗೆ ಕೊಡಬಲ್ಲ ಧನಿಕ. ಪುಸ್ತಕವನ್ನು ಪುಸ್ತಕವಾಗಿ ತೆಗೆದುಕೊಂಡು ಬೈದರೂ ಸರಿ, ಅದು ಅಪರೂಪ. ಹಾಗೆಂದು ನಾವೂ ಸುಮ್ಮನಿಲ್ಲ. ಊರಿಗಾಗಿ ಬರೆಯುವಾಗ ಕಣ್ಣೀರನ್ನು ಒಂದು ಚಮಚ ಜಾಸ್ತಿಯೇ ಹಾಕುತ್ತೇವೆ, ಮಲೆನಾಡಿನ ಮಳೆಯನ್ನು ಬೇಡದಲ್ಲೂ ಸುರಿಸುತ್ತೇವೆ. ಮರಳಿ ಬಂದವರು ಊರಿನ ಮನವೊಲಿಸುವ ಸುಲಭದ ದಾರಿ ಅದು. ಕ್ಯಾಲಸ್‌ಗೂ ಆ ದಾರಿ ತೆರೆದಿತ್ತು. ಒಂದೆರಡು ಗ್ರೀಕ್ ಹಾಡು, ಜನಪ್ರಿಯ ಪುಚ್ಚೀನಿ, ಸಿಹಿಯಾದ ಒಂದೆರಡು ತುಣುಕು ಹಾಡಿದ್ದರೆ ಮುಗಿಯುತ್ತಿತ್ತು.

ಆಕೆ ಆಗಸ್ಟ್ 5ರಂದು ಆಂತೊನಿನೊ ವೊತ್ತೊ ನಿರ್ದೇಶನದ ವಾದ್ಯವೃಂದದೊಂದಿಗೆ ಹಾಡಿದ ಐದು ಹಾಡುಗಳ ಪಟ್ಟಿ ನೋಡಿ. ವೆರ್ದಿಯವು ಎರಡು: 'ಲಾ ಫೋರ್ಜಾ ದೆಲ್ ದೆಸ್ತಿನೋ'ದ ಕೊನೆಯ ಅಂಕದಲ್ಲಿ ಲಿಯೋನೋರಾ ಶಾಂತಿ ಬೇಡುವ ಹಾಡು, 'ಇಲ್ ತ್ರೊವಾತೋರೆ'ಯ ಇನ್ನೊಬ್ಬ ಲಿಯೋನೋರಾಳ ಹಾಡು. ದೋನಿಜೆತ್ತಿಯ 'ಲೂಚಿಯಾ'ದ ಮೊದಲ ಹಾಡು. ಆಂಬ್ರವಾಜ್ ತೋಮಾನ ಫ್ರೆಂಚ್ 'ಹ್ಯಾಮ್ಲೆಟ್'ನಲ್ಲಿ ಒಫೀಲಿಯಾಳ ಹುಚ್ಚಿನ ದೃಶ್ಯ. ಮತ್ತೆ ವಾಗ್ನರನ 'ತ್ರಿಸ್ತಾನ್'ನ ಕೊನೆಯಲ್ಲಿ ಇಸೋಲ್ಡೆ ಸಾಯುತ್ತ ಹಾಡುವುದು, ಇಟಾಲಿಯನ್ ಅನುವಾದದಲ್ಲಿ. ಕಂಠದ ದೃಷ್ಟಿಯಿಂದ ಈ ಪಟ್ಟಿಯೇ ಒಂದು ದುಸ್ಸಾಹಸ. ಹಕ್ಕಿಯಂತೆ ಹಗುರಾಗಿ ಹಾರಬೇಕಾದ ಒಫೀಲಿಯಾಳನ್ನೂ, ಇಡೀ ವಾದ್ಯವೃಂದದ ಅಲೆಯ ಮೇಲೆ ತೇಲಬೇಕಾದ ಇಸೋಲ್ಡೆಯನ್ನೂ ಒಂದೇ ಸಂಜೆ ಹಾಡುವವರು ಬಹಳ ಕಡಿಮೆ. ಆದರೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಈ ಐದು ದೃಶ್ಯಗಳು ನಡೆಯುವುದು ಎಲ್ಲಿ?

ಮೊದಲ ಲಿಯೋನೋರಾ ಬೆಟ್ಟದ ಗವಿಯ ಹೊರಗೆ ನಿಂತಿದ್ದಾಳೆ. ಎರಡನೆಯವಳು ಕತ್ತಲ ರಾತ್ರಿಯಲ್ಲಿ, ಪ್ರಿಯನನ್ನು ಕೂಡಿಹಾಕಿದ ಗೋಪುರದ ಕೆಳಗೆ. ಲೂಚಿಯಾ ಉದ್ಯಾನದಲ್ಲಿ, ದೆವ್ವ ಕಂಡ ಕಾರಂಜಿಯ ಪಕ್ಕ. ಒಫೀಲಿಯಾ ಕೆರೆಯ ದಂಡೆಯಲ್ಲಿ. ಇಸೋಲ್ಡೆ ಕೋಟೆಯ ಅಂಗಳದಲ್ಲಿ, ಸತ್ತವನ ಪಕ್ಕದಲ್ಲಿ. ಐವರೂ ಬಯಲಿನಲ್ಲಿ ನಿಂತವರು, ಒಬ್ಬಳ ತಲೆಯ ಮೇಲೂ ಮಾಡಿಲ್ಲ. ಇದು ಬೇಕೆಂದೇ ಮಾಡಿದ ಆಯ್ಕೆಯೋ, ತಾನಾಗಿ ಒದಗಿದ್ದೋ, ಅದು ಮುಖ್ಯವಲ್ಲ. ರಾತ್ರಿಯ ಆಕಾಶದ ಕೆಳಗೆ, ಚಾವಣಿ ಕಳೆದುಕೊಂಡ ಕಟ್ಟಡದಲ್ಲಿ ನಿಂತು ಹಾಡುವವರಿಗೆ ಇವು ಹೇಳಿಮಾಡಿಸಿದ ದೃಶ್ಯಗಳು. ಅದಕ್ಕಿಂತ ಹೆಚ್ಚಾಗಿ, ಐವರೂ ಹೊರಗಾದವರು. ಒಳಗೆ ಸೇರಿಸಿಕೊಳ್ಳುವವರಿಲ್ಲದೆ ಬಾಗಿಲಾಚೆ ನಿಂತು ಹಾಡುವವರು. ನಮ್ಮ ಕನಕದಾಸರಿಗೆ ಉಡುಪಿಯಲ್ಲಿ ಗೋಡೆ ಬಿರಿದು ಕಿಂಡಿಯಾಯಿತು ಎನ್ನುತ್ತದೆ ಐತಿಹ್ಯ. ಇವರಿಗೆ ಅದೂ ಇಲ್ಲ.

ಇನ್ನು ಹಾಡಿದ ರೀತಿ. 'ಫೋರ್ಜಾ'ದ ಹಾಡು ತೊಡಗುವುದೇ ಒಂದು ಒಂಟಿ ಸ್ವರದಿಂದ. ಮೆಲ್ಲಗೆ ಹಿಡಿದು, ಉಬ್ಬಿಸಿ, ಮತ್ತೆ ಇಳಿಸಬೇಕು. ಸಭಾಂಗಣದಲ್ಲಾದರೆ ಇಳಿಸುವ ಕೆಲಸದಲ್ಲಿ ಅರ್ಧವನ್ನು ಗೋಡೆಗಳು ಮಾಡಿಕೊಡುತ್ತವೆ. ಬಯಲಿನಲ್ಲಿ ಆ ಸ್ವರ ಎಲ್ಲಿ ತೆಳುವಾಯಿತು, ಉಸಿರು ಎಲ್ಲಿ ತುಸು ಅಲುಗಿತು ಎಂಬುದೆಲ್ಲ ಬಯಲೇ. ಕ್ಯಾಲಸ್ ದನಿ ಅಲುಗುತ್ತದೆ, ಹೌದು. ಅಲುಗಿದಾಗ ಆಕೆ ಇನ್ನಷ್ಟು ಗಟ್ಟಿಯಾಗಿ ಹಾಡಿ ಮುಚ್ಚುವುದಿಲ್ಲ. ಶಾಂತಿಯನ್ನು ಬೇಡುವವಳ ದನಿ ಅಲುಗದೆ ಇರುತ್ತದೆಯೇ? 'ತ್ರೊವಾತೋರೆ'ಯ ಹಾಡಿನಲ್ಲಿ ಲಿಯೋನೋರಾ ತನ್ನ ನಿಟ್ಟುಸಿರನ್ನು ಗಾಳಿಯ ಕೈಯಲ್ಲಿ ಕೊಟ್ಟು ಗೋಪುರದೊಳಗಿನವನಿಗೆ ಕಳಿಸುತ್ತಾಳೆ. ಅಲ್ಲಿ ಬರುವ ಕಂಪಿತಗಳನ್ನು ಬಹಳ ಗಾಯಕಿಯರು ಒಡವೆ ತೋರಿಸುವ ಹಾಗೆ ಹಾಡುತ್ತಾರೆ. ಕ್ಯಾಲಸ್ ಹಾಡಿದಾಗ ಅವು ಕತ್ತಲಲ್ಲಿ ನಿಂತವಳ ಮೈನಡುಕ. 5000 ಜನರ ಎದುರು, ಗೋಡೆಗಳ ನೆರವಿಲ್ಲದೆ, ಸಣ್ಣದನ್ನು ಸಣ್ಣದಾಗಿಯೇ ಬಿಡುವ ಧೈರ್ಯ ಇದು. ಬಯಲೆಂದರೆ ಕೂಗಬೇಕು ಎಂಬ ನಮ್ಮ ಎಣಿಕೆಯನ್ನು ಇದು ತಲೆಕೆಳಗು ಮಾಡುತ್ತದೆ. ಇಸೋಲ್ಡೆ ಮಾತ್ರ ನಮಗೆ ಅಷ್ಟು ಹಿಡಿಸಲಿಲ್ಲ. ಇಟಾಲಿಯನ್ ನುಡಿಯಲ್ಲಿ ವಾಗ್ನರ್ ಸ್ವಲ್ಪ ಹೆಚ್ಚೇ ನಯವಾಗುತ್ತಾನೆ. ಆಕೆ ಅದೇ ಭಾಷೆಯಲ್ಲಿ 1947ರಷ್ಟು ಹಿಂದೆಯೇ ವೆನಿಸಿನಲ್ಲಿ ಇಡೀ ಪಾತ್ರ ಹಾಡಿದವರಾದರೂ ಅಷ್ಟೇ. ವಾದ್ಯಗಳ ಅಲೆ ಬಯಲಿನಲ್ಲಿ ಚದುರಿಹೋಗಿ, ಮುಳುಗಬೇಕಾದವಳು ಮೊಣಕಾಲುದ್ದದ ನೀರಿನಲ್ಲಿ ನಿಂತಂತೆ ಕೇಳಿಸುತ್ತದೆ. ವಾಗ್ನರನಿಗೆ ಚಾವಣಿ ಬೇಕು.

ಬಯಲಿಗೆ ಹಾಡುವುದು ನಮಗೇನು ಹೊಸತೇ ಎಂದು ಕೇಳುವವರಿಗೆ ಒಂದು ಮಾತು. ಹೊಸತಲ್ಲ, ಮರೆತದ್ದು. ಗ್ರೀಕ್ ನಾಟಕ ಕನ್ನಡಕ್ಕೆ ಬಂದದ್ದು ಓದುವ ಕೋಣೆಯ ಮೂಲಕ. ಬಿ.ಎಂ.ಶ್ರೀ. ಸೋಫೊಕ್ಲಿಸನ 'ಅಯಾಸ್' ಅನ್ನು 1929ರಲ್ಲಿ 'ಅಶ್ವತ್ಥಾಮನ್' ಮಾಡಿದರು, 1935ರಲ್ಲಿ ಈಸ್ಕಿಲಸನ 'ಪಾರಸಿಕರು' ತಂದರು. ಆ ಹಳಗನ್ನಡದ ಘನತೆಯನ್ನು ನಾವು ಮೇಜಿನ ಮುಂದೆ ಕೂತು ಅನುಭವಿಸಿದ್ದೇ ಹೆಚ್ಚು. ಆ ಗ್ರೀಕರನ್ನು ಮತ್ತೆ ಆಕಾಶದ ಕೆಳಗೆ ತಂದವರು ಬಿ.ವಿ. ಕಾರಂತರು. 1970ರ ದಶಕದ ಮೊದಲ ವರ್ಷಗಳಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಅವರು ಲಂಕೇಶರ ಅನುವಾದದ 'ಈಡಿಪಸ್', ಕಂಬಾರರ 'ಜೋಕುಮಾರಸ್ವಾಮಿ', ಲಂಕೇಶರದೇ 'ಸಂಕ್ರಾಂತಿ' ಆಡಿಸಿದರು. ಮೂರನ್ನೂ ಒಂದೇ ಬಯಲಿನಲ್ಲಿ ಇಟ್ಟದ್ದರಲ್ಲೇ ವಿಮರ್ಶೆ ಇದೆ: ಈಡಿಪಸ್‌ನ ಮೇಳಕ್ಕೂ ಜೋಕುಮಾರನ ಹಾಡಿಗೂ ನಡುವೆ ಗೋಡೆಯಿಲ್ಲ ಎಂದು.

ಕಾರಂತರಿಗೂ ಬಹಳ ಹಿಂದಿನಿಂದ ಕರಾವಳಿಯಲ್ಲಿ ಯಕ್ಷಗಾನದ ಭಾಗವತರು ಕೊಯ್ಲು ಮುಗಿದ ಗದ್ದೆಯಲ್ಲಿ, ಚಂಡೆಯ ಅಬ್ಬರವನ್ನು ಸೀಳಿ, ರಾತ್ರಿಯಿಂದ ಬೆಳಗಿನವರೆಗೆ ಮೈಕಿಲ್ಲದೆ ಪದ ಹೇಳುತ್ತಿದ್ದರು. ಆ ಏರುಶ್ರುತಿಯ, ಮೂಗಿನಲ್ಲಿ ತುಸು ಹೊಳಪು ಕೊಟ್ಟ ಕಂಠವನ್ನು "ಕರ್ಕಶ" ಎಂದು ಮೂಗು ಮುರಿಯುವವರನ್ನು ನಾವು ಕಂಡಿದ್ದೇವೆ. ಅವರು ಯಾವತ್ತೂ ಗದ್ದೆಯ ಆ ಬದಿಯ ಅಂಚಿನಲ್ಲಿ ಕೂತು ಕೇಳಿದವರಲ್ಲ. ಸ್ವೀಡನ್ನಿನ ಯೋಹಾನ್ ಸುಂಡ್‌ಬರ್ಗ್ 1970ರ ದಶಕದಲ್ಲಿ ಒಪೆರಾ ಕಂಠಗಳನ್ನು ಅಳೆದು ತೋರಿಸಿದ್ದೂ ಇದನ್ನೇ ಹೋಲುತ್ತದೆ: ವಾದ್ಯವೃಂದದ ಬಲ ಹೆಚ್ಚಾಗಿ 500 ಹರ್ಟ್ಸ್ ಆಸುಪಾಸಿನಲ್ಲಿ, ತರಬೇತಾದ ಗಾಯಕ ತನ್ನ ಬಲವನ್ನು 3000 ಹರ್ಟ್ಸ್ ಸುತ್ತ ಒಟ್ಟುಮಾಡುತ್ತಾನೆ, ಅಲ್ಲಿ ವಾದ್ಯಗಳ ಪೈಪೋಟಿ ಕಡಿಮೆ. ಗಂಡು ಕಂಠದಲ್ಲಿ ಇದು ಸ್ಪಷ್ಟ. ಎತ್ತರದ ಹೆಣ್ಣು ಕಂಠದ ಉಪಾಯ ಬೇರೆ. ಗಟ್ಟಿಯಾಗಿ ಹಾಡುವುದಕ್ಕೂ ಕೇಳಿಸುವಂತೆ ಹಾಡುವುದಕ್ಕೂ ವ್ಯತ್ಯಾಸವಿದೆ ಎಂಬುದು ಮಾತ್ರ ಇಬ್ಬರಿಗೂ ಒಂದೇ.

ಗಂಗೂಬಾಯಿ ಹಾನಗಲ್ಲರನ್ನು ಇಲ್ಲಿ ನೆನೆಯಲೇಬೇಕು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಮುಂದೆ ಸ್ವಾಗತಗೀತೆ ಹಾಡಿದ ಹನ್ನೊಂದರ ಹುಡುಗಿ. 1930ರ ದಶಕದ ಮೊದಲಲ್ಲಿ 'ಗಾಂಧಾರಿ' ಎಂಬ ಹೆಸರಿನಲ್ಲಿ ಬಂದ ಅವರ ಗ್ರಾಮೊಫೋನ್ ತಟ್ಟೆಗಳಲ್ಲಿ ಎಳೆಯ, ಎತ್ತರದ ಕಂಠ. ಗಂಟಲಿನ ಚಿಕಿತ್ಸೆಯ ನಂತರ ಅದು ಆಳಕ್ಕಿಳಿದು, ಗಂಡುದನಿ ಎಂದು ಜನ ಬೆರಗಾಗುವ ಹಾಗಾಯಿತು. ಅವರು ಕಳೆದುಹೋದ ಇಂಪಿನ ಹಿಂದೆ ಓಡಲಿಲ್ಲ. ಉಳಿದ ಕಂಠದಲ್ಲಿ ಏನಿದೆಯೋ ಅದನ್ನೇ ರಾಗವಾಗಿಸಿದರು. ಕ್ಯಾಲಸ್‌ರನ್ನು ಕೇಳಿ ಬೇಜಾರುಪಟ್ಟ ನಮ್ಮ ಮಿತ್ರರೇ ಗಂಗೂಬಾಯಿಯವರ ಭೈರವ್‌ಗೆ ಕಣ್ಣು ತುಂಬಿಕೊಳ್ಳುವವರು ಎಂಬುದನ್ನು ದಾಖಲೆಗಾಗಿ ಇಲ್ಲಿ ಬರೆದಿಡುತ್ತೇವೆ.

ಈ ವಾದವೆಲ್ಲ ಯಾಕೆ ಮುಖ್ಯ ಅಂದರೆ, ನಮ್ಮ ಮಿಡ್‌ಲ್ಯಾಂಡ್ಸ್ ಮತ್ತು ಉತ್ತರದ ಊರುಗಳಲ್ಲಿ ಯುಗಾದಿ, ದೀಪಾವಳಿ ಕಾರ್ಯಕ್ರಮಗಳಲ್ಲಿ ಸಂಗೀತ ಹೇಗೆ ನಡೆಯುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಬಾಡಿಗೆಗೆ ಹಿಡಿದ ಶಾಲೆಯ ಸಭಾಂಗಣ. ಇನ್ನೂರು ಜನಕ್ಕೆ ಎರಡು ಸಾವಿರ ಜನಕ್ಕಾಗುವಷ್ಟು ಸ್ಪೀಕರು. ಹಾಡುವ ಹುಡುಗಿಗೆ ಮೈಕನ್ನು ತುಟಿಗೆ ತಾಗಿಸಿ ಹಿಡಿಯಲು ಹೇಳುತ್ತಾರೆ, ಮಿಕ್ಸರಿನಲ್ಲಿ ಗುಂಗಿನ ಗುಂಡಿಯನ್ನು ಪೂರ್ತಿ ತಿರುಗಿಸುತ್ತಾರೆ. ಭಾವಗೀತೆಯಲ್ಲಿ ಭಾವವೂ ಹೋಗಿ, ಗೀತೆಯೂ ಹೋಗಿ, ಮಾತಿನ ಅಂಚೆಲ್ಲ ಕರಗಿ ಒಂದು ಬೆಚ್ಚಗಿನ ಮಂಜು ಉಳಿಯುತ್ತದೆ. ಕವಿಯ ಪದ ಒಂದೂ ಕೇಳಿಸದ ಮಕ್ಕಳಿಗೆ ನಾವು ಕನ್ನಡ ಉಳಿಸಿ ಎಂದು ಭಾಷಣ ಮಾಡುತ್ತೇವೆ, ಅದೂ ಅದೇ ಮೈಕಿನಲ್ಲಿ. ಮೈಕು ಬೇಡ ಎನ್ನುವ ಹಟ ನಮ್ಮದಲ್ಲ. ಗುಂಗು ಕಡಿಮೆ ಮಾಡಿ, ಮೊದಲ ಹಾಡಾದರೂ ಬರಿಗಂಟಲಲ್ಲಿ ಇರಲಿ, ಅಷ್ಟೇ. ಇನ್ನೂರು ಜನರ ಕೋಣೆಯಲ್ಲಿ ಅದು ಸಾಧ್ಯವಿಲ್ಲದಿದ್ದರೆ ತೊಂದರೆ ಕೋಣೆಯದ್ದಲ್ಲ. ನಮ್ಮ ಗದ್ಯಕ್ಕೂ ಈ ಗುಂಗಿನ ಗುಂಡಿ ಇದೆ ಎಂದು ಮೇಲೆ ಮಲೆನಾಡಿನ ಮಳೆಯ ನೆಪದಲ್ಲಿ ಸೂಚಿಸಿದ್ದೇವೆ. ಮುಂದಿನ ಸಂಚಿಕೆಗೆ ಲೇಖನ ಕಳಿಸುವವರು ಕೋಪಿಸಿಕೊಳ್ಳಬಾರದು!

ಅಥೆನ್ಸಿನ ಕಛೇರಿಯ ನಂತರ ಕ್ಯಾಲಸ್ ಬಂದದ್ದು ನಮ್ಮ ಕಡೆಗೇ. ಅದೇ ಆಗಸ್ಟಿನಲ್ಲಿ ಎಡಿನ್‌ಬರೋ ಉತ್ಸವದಲ್ಲಿ, ಕಿಂಗ್ಸ್ ಥಿಯೇಟರಿನ ಚಾವಣಿಯ ಕೆಳಗೆ, ಬೆಲ್ಲೀನಿಯ 'ಲಾ ಸೊನ್ನಾಂಬುಲಾ' ಹಾಡಿದರು. ಒಪ್ಪಿಕೊಂಡ ನಾಲ್ಕು ಪ್ರದರ್ಶನ ಮುಗಿಸಿ, ಆಮೇಲೆ ಸೇರಿಸಿದ ಐದನೆಯದಕ್ಕೆ ನಿಲ್ಲದೆ ಹೋದದ್ದಕ್ಕೆ ಇಲ್ಲಿಯ ಪತ್ರಿಕೆಗಳೂ ಗದ್ದಲ ಮಾಡಿದವು. ಗ್ರೀಸಿಗೆ ಮತ್ತೆ ಹೋದದ್ದು 1960ರಲ್ಲಿ, ಎಪಿಡೌರಸ್‌ನ ಬಯಲಿಗೆ, 'ನಾರ್ಮಾ' ಹಾಡಲು. ಮೊದಲ ರಾತ್ರಿಯ ಪ್ರದರ್ಶನವನ್ನು ಆಗಸ್ಟಿನ ಮಳೆ ನುಂಗಿತು, ಮುಂದಿನವು ನಡೆದವು. ಆ ಸಂಭಾವನೆಯನ್ನು ಗ್ರೀಸಿನ ಎಳೆಯ ಗಾಯಕರ ವಿದ್ಯಾರ್ಥಿವೇತನಕ್ಕೆ ಕೊಟ್ಟರು. ಮರುವರ್ಷ ಅಲ್ಲೇ 'ಮೆದೇಯಾ'. ಅವುಗಳ ಕೀರ್ತಿ ದೊಡ್ಡದು, ಛಾಯಾಚಿತ್ರಗಳು ಇನ್ನೂ ದೊಡ್ಡವು. ನಾವು ಮಾತ್ರ 1957ರ ರಾತ್ರಿಯನ್ನೇ ಆರಿಸಿಕೊಳ್ಳುತ್ತೇವೆ, ಮುಖ್ಯವಾಗಿ ಒಫೀಲಿಯಾಗಾಗಿ.

ಶೇಕ್ಸ್‌ಪಿಯರ್‌ನ ಒಫೀಲಿಯಾ ಅರಮನೆಯೊಳಗೆ ರಾಜರಾಣಿಯರ ಮುಂದೆ ಹುಚ್ಚಾಗುತ್ತಾಳೆ. ತೋಮಾನ ಒಪೆರಾದಲ್ಲಿ ಹಾಗಲ್ಲ. ಹಳ್ಳಿಯ ಜನ ಕೆರೆಯ ಬಳಿ ವಸಂತದ ಹಬ್ಬ ಮಾಡುತ್ತಿದ್ದಾರೆ, ಆಟವಾಡುತ್ತಿದ್ದಾರೆ. ಇವಳು ಎಲ್ಲಿಂದಲೋ ಬಂದು ನಿಲ್ಲುತ್ತಾಳೆ. ತೊಡಗುವುದು ಆಲಾಪದಿಂದಲ್ಲ, ಮಾತಿಗೆ ಹತ್ತಿರದ ಹಾಡುಗಾರಿಕೆಯಿಂದ, ವಾದ್ಯಗಳ ಆಸರೆ ತೀರ ಕಡಿಮೆ. ನಿಮ್ಮ ಆಟಕ್ಕೆ ನನ್ನನ್ನೂ ಸೇರಿಸಿಕೊಳ್ಳುತ್ತೀರಾ ಎಂದು ಆ ಜನರನ್ನು ಕೇಳುತ್ತಾಳೆ. ಕ್ಯಾಲಸ್ 1958ರಲ್ಲಿ ಇದನ್ನೇ ಸ್ಟುಡಿಯೋದಲ್ಲಿ ಇನ್ನೂ ನುಣುಪಾಗಿ ಹಾಡಿದ್ದಾರೆ. ಮೊದಲ ಪಕ್ಷದವರು ಹೇಳುವುದು ಅಷ್ಟರಮಟ್ಟಿಗೆ ಸರಿ. ಆದರೆ ಸ್ಟುಡಿಯೋದಲ್ಲಿ ಕೇಳಿಸಿಕೊಳ್ಳಬೇಕಾದ ಹಳ್ಳಿಯ ಜನ ಇರಲಿಲ್ಲ. ಅಥೆನ್ಸಿನಲ್ಲಿ ಇದ್ದರು, 5000 ಮಂದಿ, ನಾಲ್ಕು ದಿನಗಳ ಹಿಂದಿನ ಸಿಟ್ಟನ್ನು ಮಡಿಲಲ್ಲಿಟ್ಟುಕೊಂಡು, ಕಲ್ಲಿನ ಮೆಟ್ಟಿಲ ಮೇಲೆ. ಆ ಪ್ರಶ್ನೆಯನ್ನು ಆಕೆ ಅವರಿಗೆ ಫ್ರೆಂಚಿನಲ್ಲಿ, ಬೇಡುವ ದನಿಯನ್ನು ಒಂದಿಷ್ಟೂ ಸಿಹಿ ಮಾಡದೆ, ಅಕ್ಷರ ಅಕ್ಷರ ಬಿಡಿಸಿಟ್ಟ ಹಾಗೆ ಕೇಳುತ್ತಾರೆ. ಪ್ರಶ್ನೆ ಮುಗಿದ ಮೇಲೆ ಬರುವ ಬಿಡುವಿನಲ್ಲಿ ಗುಂಗು ಇಲ್ಲ, ಗೋಡೆಯ ಉತ್ತರ ಇಲ್ಲ. ಮುದ್ರಿಕೆ ಕೇಳುವವರು ದಯವಿಟ್ಟು ಅಲ್ಲಿ ವಾಲ್ಯೂಮ್ ಏರಿಸಬೇಡಿ.